ಕಿಡ್ನಿ ಮಕ್ಕಳಿಗೆ ಗೊತ್ತು, ಮೂತ್ರಪಿಂಡ ಗೊತ್ತಿಲ್ಲ

ಜೀವವಿಜ್ಞಾನದ ಪಾಠಯೋಜನೆ ತಿದ್ದಿಸಿಕೊಂಡ ಪ್ರಶಿಕ್ಷಣಾರ್ಥಿಗಳಿಗೆಲ್ಲ ಕೆಂಪು ಶಾಯಿಯ ಒಂದು ವೃತ್ತದ ಪರಿಚಯವಿರುತ್ತದೆ. ಕಪ್ಪುಹಲಗೆ ಸಾರಾಂಶದಲ್ಲಿ 'ಕಿಡ್ನಿ' ಎಂದು ಬರೆದಿದ್ದರೆ ಆ ವೃತ್ತ ಅದರ ಸುತ್ತ ಬೀಳುತ್ತದೆ. ಪಕ್ಕದಲ್ಲಿ 'ಮೂತ್ರಪಿಂಡ' ಎಂಬ ತಿದ್ದುಪಡಿ ಇರುತ್ತದೆ. ಕನ್ನಡ ಮಾಧ್ಯಮದ ತರಗತಿಯಲ್ಲಿ ಪಠ್ಯಪುಸ್ತಕದ ಪಾರಿಭಾಷಿಕ ಪದವನ್ನೇ ಬಳಸಬೇಕೆಂಬುದು ನಿಯಮ. ನಿಯಮಕ್ಕೆ ಕಾರಣವೂ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ, ಅದರಲ್ಲೂ ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ, ಈ ಒಂದು ಪದದ ಮಟ್ಟಿಗೆ ನಿಯಮವನ್ನು ತಲೆಕೆಳಗು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಪಾಠ 'ಕಿಡ್ನಿ'ಯಿಂದ ಆರಂಭವಾಗಬೇಕು, 'ಮೂತ್ರಪಿಂಡ' ಕೊನೆಗೆ ಬರಬೇಕು. ಸುಲಭವಾಗುತ್ತದೆ ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ನಮ್ಮ ಜಿಲ್ಲೆಯಲ್ಲಿ 'ಕಿಡ್ನಿ' ಎಂಬ ಪದದೊಳಗೆ ತುಂಬಿಕೊಂಡಿರುವ ಸಂಗತಿಗಳನ್ನು ವಿಜ್ಞಾನದ ಮೇಷ್ಟ್ರು ಮುಟ್ಟದೆ ಹೋದರೆ ಬೇರೆ ಯಾರೂ ಮುಟ್ಟುವುದಿಲ್ಲ.

ಮೊದಲು ಪದಗಳನ್ನೇ ನೋಡೋಣ. ನಮ್ಮ ಭಾಷೆ ದೇಹದ ಒಳಗಿನ ಅಂಗಗಳ ವಿಷಯದಲ್ಲಿ ಬಡವಲ್ಲ. ಧೈರ್ಯ ಇರುವವನಿಗೆ ಗುಂಡಿಗೆ ಗಟ್ಟಿ. ಮಕ್ಕಳ ಕಷ್ಟ ಕಂಡರೆ ತಾಯಿಯ ಕರುಳು ಚುರ್ ಎನ್ನುತ್ತದೆ. ಪಕ್ಕದ ಗದ್ದೆಯಲ್ಲಿ ಕಬ್ಬು ಚೆನ್ನಾಗಿ ಬಂದರೆ ಹೊಟ್ಟೆಯಲ್ಲಿ ಕಿಚ್ಚು, ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ಈ ಮಾತುಗಳಲ್ಲೆಲ್ಲ ಎಲ್ಲೂ ಬಾರದ ಅಂಗವೊಂದಿದ್ದರೆ ಅದು ಕಿಡ್ನಿ. ಹೃದಯ ಬಡಿದುಕೊಳ್ಳುತ್ತದೆ, ಹೊಟ್ಟೆ ಗುಡುಗುಡು ಎನ್ನುತ್ತದೆ, ಕರುಳು ಹಿಂಡುತ್ತದೆ. ಕಿಡ್ನಿ ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳತುದಿಯ ಮರೆಯಲ್ಲಿ, ಸದ್ದಿಲ್ಲದೆ ಕೆಲಸ ಮಾಡಿಕೊಂಡಿರುತ್ತದೆ. ಅದು ಇದೆಯೆಂದು ಆರೋಗ್ಯವಂತನಿಗೆ ತಿಳಿಯುವುದೇ ಇಲ್ಲ. ಹೀಗಾಗಿ ಜನ ಅದರ ಹೆಸರನ್ನು ಕಲಿತದ್ದು ಎರಡೇ ಕಡೆ, ಮಟನ್ ಅಂಗಡಿಯಲ್ಲಿ ಮತ್ತು ಆಸ್ಪತ್ರೆಯಲ್ಲಿ. ಎರಡೂ ಕಡೆ ಸಿಕ್ಕ ಹೆಸರು ಕಿಡ್ನಿ.

ಈಗ 'ಮೂತ್ರಪಿಂಡ'ವನ್ನು ಬಿಡಿಸಿ ನೋಡಿ. ಹಳ್ಳಿಯ ಮಗುವಿಗೆ ಮೂತ್ರ ಎಂದರೆ ಗೊತ್ತು, ಆದರೆ ಅದು ಮನೆಯ ಮಾತಲ್ಲ. ಮನೆಯಲ್ಲಿ 'ಉಚ್ಚೆ', ಶಾಲೆಯಲ್ಲಿ 'ಒಂದಕ್ಕೆ'. 'ಮೂತ್ರ' ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತದೆ. ಇನ್ನು 'ಪಿಂಡ'. ಈ ಜಿಲ್ಲೆಯ ಮಕ್ಕಳಿಗೆ ಪಿಂಡ ಎಂದರೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತಿಥಿಯ ದಿನ ಕಾವೇರಿಗೆ ಬಿಡುವ ಅನ್ನದ ಉಂಡೆ. ಇಲ್ಲದಿದ್ದರೆ 'ನಿನ್ ಪಿಂಡ' ಎಂಬ ಬೈಗುಳ. ಎರಡನ್ನೂ ಸೇರಿಸಿ ಒಂದು ಪದ ಮಾಡಿ ಹಲಗೆಯ ಮೇಲೆ ಬರೆದರೆ ಹದಿನೈದು ವರ್ಷದ ಮಕ್ಕಳು ನಗದೆ ಏನು ಮಾಡಬೇಕು? ಹಳೆಯ ಪುಸ್ತಕಗಳಲ್ಲಿ 'ಮೂತ್ರಜನಕಾಂಗ' ಎಂದೂ ಇತ್ತು. ಅದು ಇನ್ನಷ್ಟು ಉದ್ದ, ಅರ್ಥ ಮಾತ್ರ ಸ್ವಲ್ಪ ಸ್ಪಷ್ಟ. ಮಲಯಾಳಿಗಳು ಸಂಸ್ಕೃತದ 'ವೃಕ್ಕ'ವನ್ನು ಉಳಿಸಿಕೊಂಡಿದ್ದಾರೆ. ತಮಿಳರು 'ಸಿರುನೀರಗಂ' ಎಂದು ತಮ್ಮದೇ ಪದ ಕಟ್ಟಿಕೊಂಡು ಪತ್ರಿಕೆ, ಆಸ್ಪತ್ರೆ ಬೋರ್ಡುಗಳಲ್ಲೆಲ್ಲ ಓಡಿಸಿದ್ದಾರೆ. ನಮ್ಮ 'ಮೂತ್ರಪಿಂಡ' ಪಠ್ಯಪುಸ್ತಕ, ಸರ್ಕಾರಿ ಪ್ರಕಟಣೆ, ಪತ್ರಿಕೆಯ ಆರೋಗ್ಯ ಪುಟ ದಾಟಿ ಹೊರಗೆ ಬರಲಿಲ್ಲ.

ನಗುವಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. 'ಮೂತ್ರಪಿಂಡ' ಎಂಬ ಹೆಸರು ಅಂಗದ ಕೆಲಸವನ್ನು ಅರ್ಧವಷ್ಟೇ ಹೇಳುತ್ತದೆ, ಆ ಅರ್ಧವೂ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಅವಧಿಯಲ್ಲಿ ನಾನು ಹತ್ತನೇ ತರಗತಿಯವರಿಗೆ ಮನುಷ್ಯಾಕೃತಿಯ ಹೊರರೇಖೆ ಇರುವ ಚೀಟಿಗಳನ್ನು ಕೊಟ್ಟಿದ್ದೆ. ಒಂದರಲ್ಲಿ ಮೂತ್ರಪಿಂಡ ಗುರುತಿಸಬೇಕು, ಕುಡಿದ ನೀರು ಅಲ್ಲಿಗೆ ಹೇಗೆ ಹೋಗುತ್ತದೆಂದು ಗೆರೆ ಎಳೆಯಬೇಕು. ಹೆಚ್ಚಿನವರು ಹೊಕ್ಕುಳ ಕೆಳಗೆ, ಮೂತ್ರಕೋಶ ಇರುವ ಜಾಗದಲ್ಲಿ ಒಂದು ಉಂಡೆ ಬರೆದರು. ಬಾಯಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ನೇರ ಆ ಉಂಡೆಗೆ ಗೆರೆ ಎಳೆದರು. ಮನೆಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ನಲ್ಲಿಗೆ ಪೈಪು ಬಂದ ಹಾಗೆ. ರಕ್ತ ಎಲ್ಲೂ ಇಲ್ಲ. ಮರುದಿನ ಅದೇ ಚೀಟಿಯಲ್ಲಿ 'ಕಿಡ್ನಿ ಎಲ್ಲಿದೆ?' ಎಂದು ಕೇಳಿದೆ. ಈಗ ಹಲವರ ಕೈ ಸೊಂಟದ ಮೇಲೆ, ಬೆನ್ನಿನ ಕಡೆ ಹೋಯಿತು. ಒಬ್ಬ ಹುಡುಗ ಎದ್ದು ನಿಂತು, "ನಮ್ ಮಾವುಂಗೆ ಕಿಡ್ನೀಲಿ ಕಲ್ಲಾಗಿತ್ತು ಸಾ, ಇಲ್ಲೇ ಹಿಡ್ಕತಿತ್ತು" ಎಂದು ತನ್ನ ಪಕ್ಕೆ ತೋರಿಸಿದ. ಅವನು ತೋರಿಸಿದ ಜಾಗ ಸರಿಯಾಗಿತ್ತು. ಕಿಡ್ನಿಯೂ ಮೂತ್ರಪಿಂಡವೂ ಒಂದೇ ಎಂದು ಆ ತರಗತಿಯಲ್ಲಿ ಕೆಲವರಿಗೆ ತಿಳಿದಿರಲೇ ಇಲ್ಲ. ಎರಡು ಬೇರೆ ಅಂಗಗಳೆಂದೇ ಅವರು ಹತ್ತನೇ ತರಗತಿಯವರೆಗೆ ಬಂದಿದ್ದರು. ಒಂದು ಪರೀಕ್ಷೆಯಲ್ಲಿ ಬರುವ ಅಂಗ, ಇನ್ನೊಂದು ಮನೆಯವರಿಗೆ ಕಾಯಿಲೆ ತರುವ ಅಂಗ.

ಪೂರ್ವಜ್ಞಾನ ಎಂದು ನಾವು ಪ್ರತಿ ಪಾಠಯೋಜನೆಯಲ್ಲೂ ಬರೆಯುತ್ತೇವೆ. ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವವೆಂದು ಲಿಖಿತ ಪರೀಕ್ಷೆಗೆ ಓದಿಕೊಂಡಿದ್ದೇವೆ. ಆ ಹುಡುಗನ ಪೂರ್ವಜ್ಞಾನ ಇರುವುದು 'ಕಿಡ್ನಿ' ಎಂಬ ಪದದ ಹತ್ತಿರ. 'ಮೂತ್ರಪಿಂಡ'ದ ಹತ್ತಿರ ಅವನಿಗೆ ಏನೂ ಇಲ್ಲ, ನಗು ಮಾತ್ರ ಇದೆ.

ಹಾಗೆಂದು ಜನರ 'ಕಿಡ್ನಿ'ಯಲ್ಲಿ ಇರುವುದೆಲ್ಲ ಸರಿಯಾದ ತಿಳಿವಳಿಕೆಯಲ್ಲ. ನನ್ನ ವಾದದ ಮುಖ್ಯ ಭಾಗ ಇಲ್ಲಿದೆ. ನಮ್ಮೂರುಗಳಲ್ಲಿ 'ಕಿಡ್ನಿ ಪ್ರಾಬ್ಲಮ್' ಎಂಬ ಒಂದೇ ಮಾತು ಕನಿಷ್ಠ ನಾಲ್ಕು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ಕಿಡ್ನಿಯಲ್ಲಿ ಕಲ್ಲು, ಮೂತ್ರದ ಸೋಂಕು, ಕಿಡ್ನಿ ವೈಫಲ್ಯ, ಕೊನೆಗೆ ಕಿಡ್ನಿಗೆ ಸಂಬಂಧವೇ ಇಲ್ಲದ ಸೊಂಟನೋವು. ದಿನವಿಡೀ ಬಗ್ಗಿ ನಾಟಿ ಮಾಡಿದವರಿಗೆ, ಕಬ್ಬು ಕಡಿದವರಿಗೆ ಸೊಂಟ ಹಿಡಿದರೆ 'ಕಿಡ್ನಿ ಇರಬೇಕು' ಎಂಬ ಭಯ. ಇತ್ತ ಕಿಡ್ನಿ ನಿಜವಾಗಿ ಕೆಡುತ್ತಿರುವವರಿಗೆ ನೋವೇ ಇರುವುದಿಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ವರ್ಷಾನುಗಟ್ಟಲೆ ಒಳಗೊಳಗೇ ಅದನ್ನು ಹಾಳು ಮಾಡುತ್ತವೆ, ಕಾಲು ಊದಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. (ಸಕ್ಕರೆ ನಾಡು ಎಂದು ಹೆಸರಾದ ಜಿಲ್ಲೆಯಲ್ಲಿ 'ಶುಗರ್' ಎಂದರೆ ಯಾರಿಗೂ ಕಾರ್ಖಾನೆ ನೆನಪಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು.) ನೋವು ಇದ್ದರೆ ಕಿಡ್ನಿ, ಇಲ್ಲದಿದ್ದರೆ ಇಲ್ಲ ಎಂಬ ಲೆಕ್ಕಾಚಾರ ಬಹಳ ಜನರನ್ನು ರಕ್ತಪರೀಕ್ಷೆಯಿಂದ ದೂರ ಇಟ್ಟಿದೆ. ಆ ಸೊಂಟನೋವಿಗೆಂದು ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಕಿಡ್ನಿಗೆ ಹಾನಿ ಮಾಡಬಲ್ಲವು ಎಂಬುದು ಇನ್ನೊಂದು ವಿಪರ್ಯಾಸ.

ಈಗ ಎಳನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮದ್ದೂರಿನಲ್ಲಿ ಅದನ್ನು ಬಿಟ್ಟು ಮಾತಾಡುವುದು ಕಷ್ಟ. ಮದ್ದೂರಿನ ಎಪಿಎಂಸಿಯ ಎಳನೀರು ಮಾರುಕಟ್ಟೆಯಿಂದ ದೂರದ ಮುಂಬೈ, ದೆಹಲಿಗೂ ಲಾರಿಗಳು ಹೋಗುತ್ತವೆ. 'ಕಿಡ್ನಿಗೆ ಎಳನೀರು ಒಳ್ಳೇದು' ಎಂಬುದು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಸಣ್ಣ ಕಲ್ಲು ಇರುವವರ ಮಟ್ಟಿಗೆ ಇದರಲ್ಲಿ ಅರ್ಥವಿದೆ. ಅವರು ಹೆಚ್ಚು ದ್ರವ ಕುಡಿಯಬೇಕು, ಮೂತ್ರ ತಿಳಿಯಾಗಬೇಕು, ಎಳನೀರು ಒಂದು ದ್ರವ. ಆದರೆ ಕಿಡ್ನಿ ವೈಫಲ್ಯವಾಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರಿಗೆ ಅದೇ ಎಳನೀರು ಅಪಾಯ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಲಸ ನಿಲ್ಲಿಸಿದ ಕಿಡ್ನಿಗೆ ಪೊಟ್ಯಾಸಿಯಮ್ಮನ್ನು ಹೊರಹಾಕಲು ಆಗುವುದಿಲ್ಲ. ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ನೀರಿನದೂ ಹಾಗೆಯೇ. ಕಲ್ಲು ಇರುವವನಿಗೆ ವೈದ್ಯರು 'ಚೆನ್ನಾಗಿ ನೀರು ಕುಡಿ' ಎನ್ನುತ್ತಾರೆ, ಡಯಾಲಿಸಿಸ್ ರೋಗಿಗೆ 'ಅಳೆದು ಕುಡಿ' ಎನ್ನುತ್ತಾರೆ. ಒಂದೇ ಬೀದಿಯಲ್ಲಿ ಇಬ್ಬರಿಗೆ 'ಕಿಡ್ನಿ ಪ್ರಾಬ್ಲಮ್' ಇದ್ದು, ಒಬ್ಬನಿಗೆ ವೈದ್ಯರು ಹೇಳಿದ್ದನ್ನು ನೋಡಲು ಬಂದ ನೆಂಟರು ಇನ್ನೊಬ್ಬನಿಗೆ ಹೇಳಿದರೆ, ಜತೆಗೆ ಪ್ರೀತಿಯಿಂದ ನಾಲ್ಕು ಎಳನೀರನ್ನೋ ಬಾಳೆದಿಂಡಿನ ರಸವನ್ನೋ ತಂದುಕೊಟ್ಟರೆ, ಏನಾಗಬಹುದು ಎಂದು ಯೋಚಿಸಿ. ಇಲ್ಲಿ ಪದದ ಅರ್ಥ ಬಿಡಿಸಿ ಹೇಳುವುದು ನಿಘಂಟಿನ ಕೆಲಸವಾಗಿ ಉಳಿಯುವುದಿಲ್ಲ.

ಇದನ್ನು ಬಿಡಿಸಲು 'ಮೂತ್ರಪಿಂಡ' ಸಹಾಯ ಮಾಡುತ್ತದೆಯೇ? ಮಾಡುವುದಿಲ್ಲ. ಸಹಾಯ ಮಾಡುವುದು ಅಂಗದ ಕೆಲಸದ ಸರಿಯಾದ ವಿವರಣೆ. ಅದನ್ನು ಪರಿಚಿತ ಪದದ ಮೇಲೆ ಕಟ್ಟಬೇಕು. ಕಿಡ್ನಿ ರಕ್ತವನ್ನು ಸೋಸುವ ಅಂಗ, ಮೂತ್ರ ಅದರ ಉಳಿಕೆ. ಪ್ರತಿ ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ, ಹೊರಗೆ ಬರುವ ಮೂತ್ರ ಒಂದೆರಡು ಲೀಟರ್ ಮಾತ್ರ. ಉಳಿದ ದ್ರವ ನಾಳಗಳಲ್ಲಿ ಮತ್ತೆ ರಕ್ತಕ್ಕೆ ಹೀರಿಕೆಯಾಗುತ್ತದೆ. ಈ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು 'ಉಳಿದ ನೀರು ಎಲ್ಲಿ ಹೋಯ್ತು?' ಎಂದು ಕೇಳಿದರೆ ತರಗತಿ ತಾನಾಗಿ ಸದ್ದಡಗುತ್ತದೆ. ಕಾಲುವೆ ನೀರಿನ ಲೆಕ್ಕ ಗೊತ್ತಿರುವ ರೈತರ ಮಕ್ಕಳಿಗೆ 180ರಲ್ಲಿ 178 ವಾಪಸ್ ಬರುವುದು ಸಣ್ಣ ಸುದ್ದಿಯಲ್ಲ. ಇದರ ಮೇಲೆ ಕಿಡ್ನಿ ರಕ್ತದೊತ್ತಡವನ್ನು ಹತೋಟಿಯಲ್ಲಿಡುತ್ತದೆ, ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಮೂಳೆಮಜ್ಜೆಗೆ ಹಾರ್ಮೋನಿನ ಮೂಲಕ ಸೂಚನೆ ಕೊಡುತ್ತದೆ. ಡಯಾಲಿಸಿಸ್ ರೋಗಿಗಳು ಬಿಳಿಚಿಕೊಂಡಿರುವುದು ಏಕೆಂದು ಮಗುವೊಂದು ಕೇಳಿದರೆ 'ಮೂತ್ರ ತಯಾರಿಸುವ ಪಿಂಡ' ಎಂಬ ವಿವರಣೆಯಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಹೇಳುವುದು ಕಷ್ಟ, ಆದರೂ ಹೇಳಬೇಕು. 1990ರ ದಶಕದಲ್ಲಿ ಮತ್ತು 2000ದ ಸುತ್ತಮುತ್ತ ಮಂಡ್ಯ, ಮದ್ದೂರು, ಮಳವಳ್ಳಿ ಹಾಗೂ ಆಚೆಯ ಚನ್ನಪಟ್ಟಣ, ರಾಮನಗರ ಭಾಗದ ಬಡವರು ಸಾಲ ತೀರಿಸಲು ತಮ್ಮ ಕಿಡ್ನಿ ಮಾರಿಕೊಂಡ ಸಂಗತಿ ಪತ್ರಿಕೆಗಳಲ್ಲಿ ಪದೇ ಪದೇ ವರದಿಯಾಯಿತು. ಬೆಂಗಳೂರಿನ ಆಸ್ಪತ್ರೆಗಳವರೆಗೆ ಕೊಂಡಿಯಿದ್ದ ದಲ್ಲಾಳಿಗಳು, ಮೊದಲು ತಾವೇ ಮಾರಿಕೊಂಡು ಆಮೇಲೆ ಬೇರೆಯವರನ್ನು ಕರೆತಂದವರು, ಮಾತಾದ ಹಣದಲ್ಲಿ ಅರ್ಧವೂ ಕೈಗೆ ಸಿಗದವರು, ಹೀಗೆ. ಅಂಗಾಂಗಗಳ ಮಾರಾಟವನ್ನು ನಿಷೇಧಿಸಿದ ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲೇ ಬಂದಿತ್ತು. ಹತ್ತಿರದ ಸಂಬಂಧಿ ಅಲ್ಲದವರು ಅಂಗ ಕೊಡಬೇಕಾದರೆ ಅಧಿಕಾರ ಸಮಿತಿಯ ಒಪ್ಪಿಗೆ ಬೇಕು, ಕೊಡುವವರು 'ಪ್ರೀತಿ ಅಥವಾ ಬಾಂಧವ್ಯ'ದ ಕಾರಣಕ್ಕೆ ಅಥವಾ ಬೇರಾವುದಾದರೂ ವಿಶೇಷ ಕಾರಣಕ್ಕೆ ಕೊಡುತ್ತಿರಬೇಕು ಎಂದು ಆ ಕಾಯ್ದೆ ಹೇಳಿತು. ದಂಧೆ ನುಸುಳಿದ್ದು ಈ ಬಾಗಿಲಿನಿಂದಲೇ. ಹಿಂದೆಂದೂ ನೋಡಿರದ ಶ್ರೀಮಂತನ ಮೇಲೆ ತನಗೆ ಬಹಳ ಪ್ರೀತಿಯೆಂದು ಕೂಲಿಯವನಿಂದ ಹೇಳಿಸಲಾಯಿತು. 2011ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಶಿಕ್ಷೆ ಹೆಚ್ಚಿತು. ಅಂಗಾಂಗ ವ್ಯಾಪಾರಕ್ಕೆ ಈಗ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ಇಲ್ಲಿ ಭಾಷೆ ಮಾಡಿಕೊಂಡಿರುವ ವಿಭಾಗವನ್ನು ನೋಡಿ. ಪತ್ರಿಕೆಗಳಲ್ಲಿ ವೈದ್ಯರ ಸಾಧನೆಯಾದರೆ ಹೆಚ್ಚಾಗಿ 'ಮೂತ್ರಪಿಂಡ ಕಸಿ'. ಬಡವನ ಮಾರಾಟವಾದರೆ 'ಕಿಡ್ನಿ ದಂಧೆ', 'ಕಿಡ್ನಿ ಜಾಲ'. 'ಮೂತ್ರಪಿಂಡ ಮಾರಿಕೊಂಡ' ಎಂದು ಬರೆದದ್ದನ್ನಾಗಲಿ, ಯಾರಾದರೂ ಹೇಳಿದ್ದನ್ನಾಗಲಿ ನಾನು ಕಂಡಿಲ್ಲ, ಕೇಳಿಲ್ಲ. ಸಂಸ್ಕೃತದ ಪದ ಆಸ್ಪತ್ರೆಯ ಬಿಳಿ ಗೋಡೆಯೊಳಗೆ ಉಳಿದುಕೊಂಡಿತು, ಇಂಗ್ಲಿಷಿನ ಪದ ಹಳ್ಳಿಯ ಸಾಲಗಾರನ ಪಾಲಿಗೆ ಬಂತು. ಹೊಸ ಮೊಬೈಲಿನ ಬೆಲೆ ಕೇಳಿ 'ಕಿಡ್ನಿ ಮಾರ್ಬೇಕು ಅಷ್ಟೆ' ಎಂದು ನಮ್ಮ ವಯಸ್ಸಿನವರು ನಗುತ್ತೇವೆ. ಎಲ್ಲ ಊರಿನ ಹುಡುಗರೂ ಆಡುವ ಮಾತು ಅದು. ಆದರೆ ಮದ್ದೂರಿನ ತರಗತಿಯಲ್ಲಿ ಯಾವುದೋ ಬೆಂಚಿನಲ್ಲಿ ಕೂತ ಮಗುವಿನ ಅಜ್ಜನೋ ಚಿಕ್ಕಮ್ಮನೋ ನಿಜವಾಗಿ ಮಾರಿಕೊಂಡಿದ್ದಿರಬಹುದು. ಅಂಥ ಮನೆಯಲ್ಲಿ ಆ ಮಾತು ಎತ್ತುವುದೇ ಇಲ್ಲ. ಹಾಗಾಗಿ ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ಒಂದು ವಿನಂತಿ: ಪೀಠಿಕೆಯ ಪ್ರಶ್ನೆಯಾಗಿ 'ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದೆಯೇ?' ಎಂದು ಕೇಳಬೇಡಿ. 'ನಿಮ್ಮೂರಲ್ಲಿ ಕಿಡ್ನಿ ಅಂತ ಯಾವಾಗ ಕೇಳಿದ್ದೀರಿ?' ಎಂದು ಕೇಳಿದರೆ ಸಾಕು. ಹೇಳಬೇಕೆನಿಸಿದ ಮಗು ಹೇಳುತ್ತದೆ, ಉಳಿದವರು ಸುಮ್ಮನಿರಬಹುದು.

ಮಾರಾಟದ ಕಥೆಯನ್ನು ವಿಜ್ಞಾನದ ತರಗತಿಗೆ ತರಬಾರದು, ಅದು ಸಮಾಜ ವಿಜ್ಞಾನದವರ ಕೆಲಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹತ್ತನೇ ತರಗತಿಯ ಜೀವಕ್ರಿಯೆಗಳ ಅಧ್ಯಾಯದಲ್ಲಿ ವಿಸರ್ಜನೆಯ ಭಾಗದಲ್ಲೇ ಕೃತಕ ಮೂತ್ರಪಿಂಡದ ಬಗ್ಗೆ ಒಂದು ಚೌಕ, ಅಂಗಾಂಗ ದಾನದ ಬಗ್ಗೆ ಇನ್ನೊಂದು ಚೌಕ ಇವೆ. ನಾವು ಹೆಚ್ಚಿನವರು ಅವನ್ನು 'ಓದಿಕೊಳ್ಳಿ' ಎಂದು ದಾಟಿಸುತ್ತೇವೆ, ಪರೀಕ್ಷೆಗೆ ಬರುವುದು ನೆಫ್ರಾನ್‌ನ ಚಿತ್ರ ಎಂಬ ಕಾರಣಕ್ಕೆ. ದಾನದ ಪಾಠ ಮಾಡುವಾಗ ಮಾರಾಟವನ್ನು ಮುಟ್ಟದೆ ಇರಲಾಗದು, ಅದರಲ್ಲೂ ಈ ಜಿಲ್ಲೆಯಲ್ಲಿ. 'ಕಿಡ್ನಿ ಕೊಟ್ಟ' ಎಂಬ ನಮ್ಮ ಮಾತಿನಲ್ಲಿ ಎರಡೂ ಅಡಗಿವೆ. ತಮ್ಮನಿಗೆ ಅಕ್ಕ ಕೊಟ್ಟದ್ದೂ ಕೊಟ್ಟದ್ದೇ, ದಲ್ಲಾಳಿಗೆ ಕೂಲಿಯವನು ಕೊಟ್ಟದ್ದೂ ಕೊಟ್ಟದ್ದೇ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯಗೊಂಡು ತೀರಿಕೊಂಡಾಗ ಅವರ ಕುಟುಂಬದವರು ಅಂಗಾಂಗ ದಾನ ಮಾಡಿದ್ದನ್ನು ಮಕ್ಕಳಿಗೆ ನೆನಪಿಸಬಹುದು. ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ವ್ಯವಸ್ಥೆ ಮರಣಾನಂತರದ ದಾನವನ್ನು ನೋಡಿಕೊಳ್ಳುತ್ತದೆ, ಅಲ್ಲಿ ಕಾಯುವವರ ಪಟ್ಟಿ ಇದೆ, ಸರದಿ ಇದೆ ಎಂದು ಹೇಳಬಹುದು. 1954ರಲ್ಲಿ ಬೋಸ್ಟನ್ನಿನಲ್ಲಿ ಒಬ್ಬ ಅವಳಿ ತನ್ನ ಅವಳಿ ಸಹೋದರನಿಗೆ ಕೊಟ್ಟ ಕಿಡ್ನಿಯಿಂದ ಯಶಸ್ವಿ ಕಸಿಯ ಚರಿತ್ರೆ ಶುರುವಾಯಿತು, ಅದನ್ನು ಮಾಡಿದ ಜೋಸೆಫ್ ಮರ್ರಿ ಅವರಿಗೆ 1990ರಲ್ಲಿ ನೊಬೆಲ್ ಬಂತು ಎಂಬ ಕಥೆಯನ್ನು ಎರಡು ನಿಮಿಷದಲ್ಲಿ ಹೇಳಿದರೆ ದೇಹ ಬೇರೆಯವರ ಅಂಗವನ್ನು ಏಕೆ ನಿರಾಕರಿಸುತ್ತದೆ, ಅವಳಿಗಳ ನಡುವೆ ಏಕೆ ನಿರಾಕರಿಸಲಿಲ್ಲ ಎಂಬ ಒಳ್ಳೆಯ ಜೀವವಿಜ್ಞಾನದ ಪ್ರಶ್ನೆಯೂ ಸಿಗುತ್ತದೆ.

ಈಗ ಆಕ್ಷೇಪಗಳು. ಹಿರಿಯ ಉಪನ್ಯಾಸಕರೊಬ್ಬರು ಚರ್ಚೆಯಲ್ಲಿ ಕೇಳಿದ್ದು ನನ್ನನ್ನು ಬಹಳ ದಿನ ಕಾಡಿತು. ಇವತ್ತು ಕಿಡ್ನಿ, ನಾಳೆ ಲಿವರ್, ನಾಡಿದ್ದು ಹಾರ್ಟ್, ಹೀಗೆ ಹೋದರೆ ಕನ್ನಡದಲ್ಲಿ ವಿಜ್ಞಾನ ಹೇಳಲು ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರವಲ್ಲವೇ ಎಂದು. ಈ ಆತಂಕ ಪೊಳ್ಳಲ್ಲ. ಹೃದಯದ ಪಾಠದಲ್ಲಿ 'ಹಾರ್ಟ್' ಎಂದು ಬರೆಯುವುದಕ್ಕೆ ನಾನೂ ಒಪ್ಪುವುದಿಲ್ಲ. 'ಹೃದಯ' ಮಗುವಿಗೂ ಗೊತ್ತು, ಹಳ್ಳಿಗೂ ಗೊತ್ತು, ಸಿನಿಮಾ ಹಾಡಿಗೂ ಗೊತ್ತು. ಹಿಂದೆ ಸರಿಯುವ ಅಗತ್ಯ ಅಲ್ಲಿಲ್ಲ. ಶ್ವಾಸಕೋಶವೂ ಹಾಗೆಯೇ, ಪದವೇ ತನ್ನ ಕೆಲಸವನ್ನು ಹೇಳುತ್ತದೆ. ಲಿವರ್ ಬಗ್ಗೆ ಜಗಳವಾಡಬಹುದು. 'ಯಕೃತ್ತು' ಉಚ್ಚರಿಸುವುದಕ್ಕೇ ಒಂದು ಅಣುಬೋಧನೆ ಬೇಕು. ಪ್ರತಿ ಪದವನ್ನೂ ಅದರದರ ಯೋಗ್ಯತೆಯ ಮೇಲೆ ನೋಡಬೇಕು, ಎಲ್ಲಕ್ಕೂ ಒಂದೇ ಕೆಂಪು ಶಾಯಿ ಸಲ್ಲದು ಎಂಬುದಷ್ಟೇ ನನ್ನ ಮಾತು. ಅಲ್ಲದೆ 'ಕಿಡ್ನಿ' ಈಗ ಪರದೇಶದ ಪದವಾಗಿ ಉಳಿದಿಲ್ಲ. ಕಿಡ್ನಿಗೆ, ಕಿಡ್ನಿಯಿಂದ, ಕಿಡ್ನೀಲಿ ಎಂದು ಕನ್ನಡದ ಪ್ರತ್ಯಯಗಳನ್ನು ಹೊತ್ತು ತಿರುಗುತ್ತಿದೆ. ಇಂಗ್ಲಿಷ್ ಒಂದಕ್ಷರವೂ ಬಾರದ ಅಜ್ಜಿಯರು ಅದನ್ನು ಬಳಸುತ್ತಾರೆ. ಬಸ್ಸು, ಪೆನ್ನು, ಕಾಫಿಯ ಸಾಲಿನಲ್ಲಿ ಅದೂ ಕೂತಿದೆ. ನಮ್ಮ ಪಠ್ಯಪುಸ್ತಕವೇ ನೆಫ್ರಾನ್, ಡಯಾಲಿಸಿಸ್, ಯೂರಿಯಾಗಳನ್ನು ಹಾಗೆಯೇ ಇಟ್ಟುಕೊಂಡಿದೆ. ಅವುಗಳ ಯಜಮಾನನಾದ ಕಿಡ್ನಿಯನ್ನು ಮಾತ್ರ ಹೊಸ್ತಿಲ ಹೊರಗೆ ನಿಲ್ಲಿಸುವುದರಲ್ಲಿ ಯಾವ ಕನ್ನಡ ಪ್ರೇಮ ಇದೆಯೋ ತಿಳಿಯದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯಲ್ಲಿ 'ಮೂತ್ರಪಿಂಡ' ಎಂದೇ ಇರುತ್ತದೆ. ಆರೋಗ್ಯ ಇಲಾಖೆಯ ಕರಪತ್ರದಲ್ಲಿ ಆ ಪದವಿದೆ, ಪತ್ರಿಕೆಯಲ್ಲಿದೆ. ಅದನ್ನು ಓದಲಾಗದ ಮಗುವನ್ನು ನಾವು ತಯಾರು ಮಾಡಬಾರದು. ಕೆಂಪು ವೃತ್ತದ ಹಿಂದಿರುವ ಕಾಳಜಿ ಇದೇ ಎಂದು ನಾನು ತಿಳಿದಿದ್ದೇನೆ, ಅದನ್ನು ಗೌರವಿಸುತ್ತೇನೆ. ಅದಕ್ಕೇ 'ಮೂತ್ರಪಿಂಡ'ವನ್ನು ಬಿಟ್ಟುಬಿಡಿ ಎಂದು ಹೇಳುತ್ತಿಲ್ಲ. ಮೊದಲ ಅವಧಿಯಿಡೀ ಕಿಡ್ನಿಯ ಜಾಗ, ಆಕಾರ, ಕೆಲಸ ಎಲ್ಲ ಕಿಡ್ನಿ ಎಂಬ ಹೆಸರಿನಲ್ಲೇ ನಡೆಯಲಿ. ಆಕಾರಕ್ಕೆ ರಾಜ್ಮಾ ಕಾಳು ತೋರಿಸಿದರೆ ಸಾಕು, ಇಂಗ್ಲಿಷಿನಲ್ಲಿ ಆ ಕಾಳಿಗೆ ಕಿಡ್ನಿಯದೇ ಹೆಸರು. ನಮ್ಮ ಕಡೆ ರಾಜ್ಮಾ ಸಿಗದಿದ್ದರೆ ತಡಗುಣಿ ಕಾಳಾದರೂ ಆದೀತು. ಗಾತ್ರಕ್ಕೆ ಮಗುವಿನದೇ ಮುಷ್ಟಿ. ಎರಡನೆಯ ಅವಧಿಯಲ್ಲಿ, ಮೂತ್ರನಾಳ, ಮೂತ್ರಕೋಶಗಳ ಚಿತ್ರ ಬರೆಯುವಾಗ, 'ನಿಮಗೆ ಗೊತ್ತಿರುವ ಕಿಡ್ನಿಯನ್ನು ಪುಸ್ತಕ ಏನೆಂದು ಕರೆದಿದೆ ಹುಡುಕಿ' ಎಂದು ಹೇಳಿದರೆ ಮಕ್ಕಳೇ ಹುಡುಕಿ ಹೇಳುತ್ತಾರೆ. ಆಗ ಪಿಂಡ ಎಂದರೆ ಉಂಡೆ, ಗಟ್ಟಿ ಎಂದು ವಿವರಿಸಬಹುದು. ಸೋಸುವಿಕೆಯನ್ನು ಅರ್ಥ ಮಾಡಿಕೊಂಡ ಮೇಲೆ ಆ ಹೆಸರಿಗೆ ನಗುವ ಮಕ್ಕಳು ಕಡಿಮೆ. 'ಮೂತ್ರಪಿಂಡಕ್ಕೂ ಮೂತ್ರಕೋಶಕ್ಕೂ ವ್ಯತ್ಯಾಸವೇನು' ಎಂಬುದನ್ನು ಅಲ್ಲೇ ಗಟ್ಟಿ ಮಾಡಿಸಬೇಕು. ಪರೀಕ್ಷೆಯ ಚಿತ್ರದಲ್ಲಿ ಅಂಕ ಹೋಗುವುದು ಬಹುಪಾಲು ಅಲ್ಲೇ.

ಮೌಲ್ಯಮಾಪನದ ಬಗ್ಗೆಯೂ ಒಂದು ಸಲಹೆ. 'ಮೂತ್ರಪಿಂಡದ ಕಾರ್ಯಗಳನ್ನು ಪಟ್ಟಿ ಮಾಡಿ' ಎಂಬ ಪ್ರಶ್ನೆಗೆ ಬದಲಾಗಿ, 'ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರನ್ನು ನೋಡಲು ಹೋಗುವಾಗ ಎಳನೀರು ಒಯ್ಯಬಹುದೇ? ಕಾರಣ ಕೊಡಿ' ಎಂದು ಕೇಳಿ ನೋಡಿ. ಮಳವಳ್ಳಿ ಕಡೆಯ ಶಾಲೆಯೊಂದರಲ್ಲಿದ್ದ ಗೆಳತಿಯೊಬ್ಬಳು ಇದನ್ನು ಕೇಳಿದಳು. ಪುಸ್ತಕದ ಸಾಲುಗಳನ್ನು ಬಾಯಿಪಾಠ ಒಪ್ಪಿಸುವ ಹುಡುಗಿಯೊಬ್ಬಳು ತಡವರಿಸಿದಳಂತೆ. ಹಿಂದಿನ ಸಾಲಿನ, ಯಾವತ್ತೂ ಬಾಯಿ ಬಿಡದ ಹುಡುಗನೊಬ್ಬ, "ಬ್ಯಾಡ ಮಿಸ್, ಉಚ್ಚೆ ಆಗಲ್ವಲ್ಲ ಅವ್ರಿಗೆ, ಒಳಗೇ ನಿಂತ್ಕತದೆ" ಎಂದನಂತೆ. ಪೊಟ್ಯಾಸಿಯಂ ಎಂಬ ಮಾತು ಅವನಿಗೆ ಬರಲಿಲ್ಲ, ಆದರೆ ಅದರ ಹತ್ತಿರಕ್ಕೆ ಬಂದಿದ್ದ. 'ಪಾರಿಭಾಷಿಕ ಪದಗಳ ಬಳಕೆ' ಎಂಬ ಅಂಕಣ ನಮ್ಮ ಅವಲೋಕನ ಪತ್ರಿಕೆಯಲ್ಲಿದೆ. ಆ ಹುಡುಗನ ಉತ್ತರಕ್ಕೆ ಅಲ್ಲಿ ಎಷ್ಟು ಅಂಕ ಹಾಕಬೇಕು ಎಂಬುದನ್ನು ಮಾರ್ಗದರ್ಶಕರು ಈ ಪತ್ರಿಕೆಯಲ್ಲೇ ಚರ್ಚಿಸಿದರೆ ನಮಗೆ ಉಪಕಾರವಾಗುತ್ತದೆ.

ನನ್ನ ತರಗತಿಯಲ್ಲಿ ಪಾಠ ಮುಗಿದ ಮೇಲೆ ಮಕ್ಕಳು ಕೇಳಿದ ಪ್ರಶ್ನೆಗಳು ಹೆಚ್ಚೂಕಡಿಮೆ ಎಲ್ಲವೂ ಪಾಠಯೋಜನೆಯ ಹೊರಗಿನವು. ಬಾಳೆದಿಂಡು ತಿಂದರೆ ಕಲ್ಲು ಕರಗುತ್ತದಾ? ಕಲ್ಲು ಅಂದರೆ ನಿಜವಾಗಿ ಕಲ್ಲೇನಾ? (ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳು. ರಸಾಯನ ವಿಜ್ಞಾನದ ಅವಧಿಗೆ ಇದನ್ನು ಕೊಂಡೊಯ್ಯಬಹುದು.) ಡಯಾಲಿಸಿಸ್ ಮಿಷನ್ನಿನಲ್ಲಿ ರಕ್ತ ಹೊರಗೆ ಹೋದಾಗ ಒಳಗೆ ಖಾಲಿಯಾಗಲ್ವಾ? ಒಂದೇ ಕಿಡ್ನಿ ಇದ್ದರೆ ಬದುಕಬಹುದಾ? ಬದುಕಬಹುದು, ಉಳಿದ ಒಂದು ಕಿಡ್ನಿ ಆರೋಗ್ಯವಾಗಿದ್ದರೆ ಅದು ಕ್ರಮೇಣ ಸ್ವಲ್ಪ ದೊಡ್ಡದಾಗಿ ಇನ್ನೊಂದರ ಕೆಲಸವನ್ನೂ ಹೊರುತ್ತದೆ, ಆದರೆ ಅವರು ರಕ್ತದೊತ್ತಡ ನೋಡಿಸಿಕೊಳ್ಳುತ್ತಿರಬೇಕು, ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಬೇಕು ಎಂದು ಹೇಳಿದೆ. ಪ್ರಶ್ನೆ ಕೇಳಿದ ಹುಡುಗಿ ಕೂರಲಿಲ್ಲ. "ಯಾವ ಆಸ್ಪತ್ರೇಲಿ ಸಾ ತಪಾಸಣೆ, ದುಡ್ಡು ಕೊಡ್ಬೇಕಾ?" ಎಂದಳು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ. ನೋಡಿಸಿ, ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಬೇಕೆಂದು ಕೇಳಲು ಹೇಳಿ, ಆ ಎರಡು ಪರೀಕ್ಷೆಗಳ ಹೆಸರನ್ನು ಹಲಗೆಯ ಮೇಲೆ ಬರೆದೆ. ಅವಳು ಅದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು.